ಕಡತದಲ್ಲಿ ಹೊಡೆದುಹಾಕಿದ ಸಾಲು

ಹಾಸನದ ಕಡೆಯವನಾದ ನನಗೆ ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ ವೈದ್ಯನ ಕೆಲಸ ಸಿಕ್ಕಿದ್ದು ಅಲ್ಲಿನ ಮೂಲನಿವಾಸಿಗಳಾದ ಅಬೊರಿಜಿನಲ್ ಜನರು ತಾವೇ ನಡೆಸುವ ಚಿಕಿತ್ಸಾಲಯವೊಂದರಲ್ಲಿ. ಅಲ್ಲಿ ಆಡಳಿತ ಮಂಡಳಿಯನ್ನು ಆರಿಸುವವರು ಊರಿನವರು. ವೈದ್ಯ ಬರೀ ನೌಕರ. ಮುಖ್ಯಸ್ಥೆಯನ್ನು ಎಲ್ಲರೂ ಆಂಟಿ ಎನ್ನುತ್ತಿದ್ದರು. (ನಮ್ಮಲ್ಲಿ ಈ ಪದ ಹಗುರಾಗಿದೆ, ಅಲ್ಲಿ ಅದು ಹಿರಿಯರಿಗೆ ಸಲ್ಲುವ ಗೌರವ.) ರೋಗಿಗಳನ್ನು ಕರೆತರುವ ವಾಹನದ ಚಾಲಕಿಯಾಗಿ ಸೇರಿ, ಆರೋಗ್ಯ ಕಾರ್ಯಕರ್ತೆಯಾಗಿ ದುಡಿದು ಆ ಕುರ್ಚಿಗೆ ಬಂದವರು.

ರುಮ್ಯಾಟಿಕ್ ಜ್ವರ ಅಲ್ಲಿನ ಮಕ್ಕಳ ಶತ್ರು. ಮರುಕಳಿಸಿದಷ್ಟೂ ಹೃದಯದ ಕವಾಟ ಕೆಡುತ್ತದೆ. ತಡೆಯಲು 28 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ಅದೂ ವರ್ಷಗಟ್ಟಲೆ. ದೊಡ್ಡವರೇ ಹಲ್ಲುಕಚ್ಚುವಷ್ಟು ನೋವು. ಒಬ್ಬ ಹುಡುಗ ಎರಡು ಸಲ ತಪ್ಪಿಸಿದ. ‘ಕುಟುಂಬ ಸಹಕರಿಸುತ್ತಿಲ್ಲ’ ಎಂದು ಕಡತದಲ್ಲಿ ಬರೆದೆ.

ಆಂಟಿ ಅದನ್ನು ಓದಿದರು. ಬೈಯಲಿಲ್ಲ. “ಗಾಡಿ ಹತ್ತು” ಎಂದರು.

ದಾರಿಯಲ್ಲಿ ರೆಡ್‌ಫರ್ನ್ ಕಥೆ ಹೇಳಿದರು. ಬೇರೆ ಆಸ್ಪತ್ರೆಗಳಲ್ಲಿ ಅವಮಾನವೇ ಸಿಗುತ್ತಿದ್ದ ಕಾಲದಲ್ಲಿ, 1971ರಲ್ಲಿ, ಸಿಡ್ನಿಯ ಆ ಬಡಾವಣೆಯಲ್ಲಿ ಅಬೊರಿಜಿನಲ್ ಜನ ತಮ್ಮದೇ ಮೊದಲ ವೈದ್ಯಕೀಯ ಸೇವೆ ತೆರೆದರು. ನರ್ಸ್ ಆಗಿದ್ದ, ಹಾಡುಗಾರ್ತಿಯೂ ಆಗಿದ್ದ ನವೋಮಿ ಮೇಯರ್ಸ್ ಅದನ್ನು ದಶಕಗಳ ಕಾಲ ಮುನ್ನಡೆಸಿದರು. ಆಂಟಿಗೆ ಅವರೇ ಮಾದರಿ.

ಹುಡುಗನ ಮನೆಯಲ್ಲಿ ಮೂರು ಕೋಣೆ, 14 ಜನ. ಸ್ನಾನದ ನಲ್ಲಿ ಕೆಟ್ಟಿತ್ತು. ಈ ಜ್ವರದ ಮೂಲವಾದ ಸ್ಟ್ರೆಪ್ಟೊಕಾಕಸ್ ಸೋಂಕಿಗೆ ಇಕ್ಕಟ್ಟಾದ ಮನೆಗಿಂತ ಒಳ್ಳೆಯ ಜಾಗ ಬೇಕೆ? ಪುಸ್ತಕದಲ್ಲಿ ಓದಿದ್ದೆ, ನೋಡಿರಲಿಲ್ಲ. ನಾನು ಕಾಯಿಲೆಯ ಮಾತು ಎತ್ತುವ ಮೊದಲೇ ಅಜ್ಜಿ ಕೇಳಿದರು: “ನಿನ್ನದು ಯಾವ ಊರು? ಯಾರ ಕಡೆಯವನು?” ನಮ್ಮೂರ ಜಗಲಿಯ ಪ್ರಶ್ನೆಯೇ! ಅಪ್ಪ, ಅಜ್ಜ, ಹೇಮಾವತಿ ಹೊಳೆ, ಎಲ್ಲ ಹೇಳಿದೆ. ಅರ್ಧ ಗಂಟೆ ಅದೇ ಮಾತು. ಆಮೇಲೆ ಹುಡುಗ ತಾನಾಗಿಯೇ ಬಂದು ಪಕ್ಕದಲ್ಲಿ ಕುಳಿತ. ಅಂದಿನಿಂದ ಹೊಸಬರ ಮುಂದೆ ನನ್ನ ಊರು, ಮನೆತನ ಹೇಳಿದ ಮೇಲೆಯೇ ಸ್ಟೆತೊಸ್ಕೋಪ್ ತೆಗೆಯುತ್ತಿದ್ದೆ.

ವಾಪಸಾದ ಮೇಲೆ ಆಂಟಿ ನನ್ನಿಂದಲೇ ಆ ಸಾಲು ಹೊಡೆಸಿ, ‘ಮನೆಯಲ್ಲಿ 14 ಜನ. ಸ್ನಾನದ ನಲ್ಲಿ ಕೆಟ್ಟಿದೆ’ ಎಂದು ಬರೆಸಿದರು. ವಸತಿ ಕಚೇರಿಗೆ ಪತ್ರವನ್ನೂ ಬರೆಸಿದರು. ವೈದ್ಯನ ಸಹಿ ಇದ್ದರೆ ಕಾಗದ ಬೇಗ ಓಡುತ್ತದೆ ಎಂಬುದು ಅವರ ಲೆಕ್ಕ. ಪತ್ರ ಬರೆಯುವುದು ನನ್ನ ಕೆಲಸವೇ ಎಂದು ಗೊಣಗಿದೆ. “ಮತ್ತೆ ಯಾರದ್ದು?” ಎಂದರು.

ಒಂದಕ್ಕೆ ನಾಲ್ಕು ಪತ್ರ ಹೋದವು. ನಲ್ಲಿ ರಿಪೇರಿಯಾಗುವಷ್ಟರಲ್ಲಿ ಹುಡುಗನಿಗೆ ಆರು ಇಂಜೆಕ್ಷನ್ ಮುಗಿದಿದ್ದವು.