ಮನೆ ದುರಸ್ತಿ ಮಾಡಿಸಿದರೆ ಆಸ್ತಿ ತೆರಿಗೆ ಏರುತ್ತದೆಯೇ?

ಬೇಸಿಗೆಯಲ್ಲಿ ಕೊಪ್ಪಳದ ಹಳೇ ಓಣಿಗಳಲ್ಲಿ ಗೌಂಡಿಗಳಿಗೆ ಬಿಡುವಿರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಸೋರುವ ಮಣ್ಣಿನ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕಿಸುವವರು, ಉದುರಿದ ಗಿಲಾವು ಕಿತ್ತು ಹೊಸದು ಮಾಡಿಸುವವರು, ಮೇಲೊಂದು ಕೋಣೆ ಏರಿಸುವವರು. ಎಲ್ಲರ ಅಂಜಿಕೆಯೂ ಒಂದೇ: ನಗರಸಭೆಯ ತೆರಿಗೆ ಎಷ್ಟು ಏರೀತು? ಈ ಅಂಜಿಕೆಗೆ ಕೆಲವರು ಕಟ್ಟಿದ ಕೋಣೆಯನ್ನು ಲೆಕ್ಕಕ್ಕೇ ತೋರಿಸುವುದಿಲ್ಲ, ಇನ್ನು ಕೆಲವರು ದುರಸ್ತಿಯನ್ನೇ ಮುಂದೂಡುತ್ತಾರೆ. ಎರಡರಿಂದಲೂ ನಷ್ಟವೇ.

ನೀವು ಎಷ್ಟು ಖರ್ಚು ಮಾಡಿದಿರಿ ಎಂಬುದನ್ನು ತೆರಿಗೆ ಕೇಳುವುದಿಲ್ಲ. ಅದು ನೋಡುವುದು ಕಟ್ಟಡದ ಅಳತೆ, ಮಾಳಿಗೆ ಮತ್ತು ನೆಲದ ಬಗೆ, ಕಟ್ಟಿದ ವರ್ಷ, ಬಳಕೆ, ಜೊತೆಗೆ ಜಾಗದ ಮಾರ್ಗಸೂಚಿ ಬೆಲೆ, ಅಂದರೆ ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಬೆಲೆ. ಬಣ್ಣ, ಗಿಲಾವು, ವೈರಿಂಗ್, ಪೈಪು, ಬಾಗಿಲು ಕಿಟಕಿ, ಬಚ್ಚಲಿನ ಟೈಲ್ಸು, ಸೋಲಾರ್, ನೀರಿನ ಟ್ಯಾಂಕು ಇವ್ಯಾವುದಕ್ಕೂ ತೆರಿಗೆ ಏರುವುದಿಲ್ಲ. ಮಾಡಿಸಿದ ವರ್ಷವೇ ರಸೀದಿಯಲ್ಲಿ ಮೊತ್ತ ಹೆಚ್ಚಾಗಿದ್ದರೆ ಗಾಬರಿ ಬೇಡ. ಸ್ಥಳೀಯ ಸಂಸ್ಥೆಗಳು ಪ್ರತಿ ವರ್ಷ ಶೇ 3ರಿಂದ 5ರಷ್ಟು ಏರಿಸುತ್ತವೆ, ಅದಕ್ಕೂ ನಿಮ್ಮ ಸುಣ್ಣಬಣ್ಣಕ್ಕೂ ಸಂಬಂಧವಿಲ್ಲ.

ಏರುವುದು ಯಾವಾಗ?

ಹೊಸ ಕೋಣೆ, ಮೇಲಂತಸ್ತು, ಗೋಡೆ ಕಟ್ಟಿ ಮುಚ್ಚಿದ ಪಡಸಾಲೆ: ಇವು ಅಳತೆ ಹೆಚ್ಚಿಸುತ್ತವೆ. ಮಣ್ಣಿನ ಮಾಳಿಗೆ ಅಥವಾ ತಗಡು ತೆಗೆದು ಆರ್‌ಸಿಸಿ ಹಾಕಿದರೆ ಅಳತೆ ಅಷ್ಟೇ ಇದ್ದರೂ ಕಟ್ಟಡದ ವರ್ಗ ಬದಲಾಗುತ್ತದೆ. ಫರಸಿ ಕಿತ್ತು ಗ್ರ್ಯಾನೈಟ್ ಹಾಕಿಸುವಾಗಲೂ ಮೌಲ್ಯಪಟ್ಟಿಯಲ್ಲಿ ನೆಲದ ಬಗೆಗೆ ಬೇರೆ ದರ ಇದೆಯೇ ಎಂದು ಕಂದಾಯ ಶಾಖೆಯಲ್ಲಿ ಮೊದಲೇ ಕೇಳಿ. ಬಿಸಿಲು ತಡೆಯಲು ಮಾಳಿಗೆ ಮೇಲೆ ತಗಡಿನ ಶೆಡ್ಡು ಎಬ್ಬಿಸುವುದು ನಮ್ಮಲ್ಲಿ ಸಾಮಾನ್ಯ. ಕಾಯ್ದೆಯ ಕಣ್ಣಿಗೆ ಶೆಡ್ಡೂ ಕಟ್ಟಡವೇ. ಆದರೆ ಅದು ತಗಡಿನ ವರ್ಗಕ್ಕೆ ಸೇರಬೇಕು, ಕೆಳಗಿನ ಆರ್‌ಸಿಸಿ ಲೆಕ್ಕಕ್ಕೆ ಸೇರಿಹೋಗದಂತೆ ನೋಡಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಭಾರ ಬೀಳುವುದು ಬಳಕೆ ಬದಲಾದಾಗ. ರಸ್ತೆ ಕಡೆಯ ಕೋಣೆಗೆ ಶಟರ್ ಇಟ್ಟು ಅಂಗಡಿ ಮಾಡಿದರೆ ಅಷ್ಟು ಭಾಗಕ್ಕೆ ವಾಣಿಜ್ಯ ದರ. ಇಡೀ ಮನೆಗಲ್ಲ, ಅಷ್ಟಕ್ಕೆ ಮಾತ್ರ. ಹಾಗಾಗಿ ಅಂಗಡಿಯ ಅಳತೆಯನ್ನು ಬೇರೆಯಾಗಿಯೇ ಬರೆಯಿಸಿ.

ಅಳೆಯುವುದು ಹೇಗೆ?

ಹೆಚ್ಚು ತಪ್ಪುಗಳಾಗುವುದು ಇಲ್ಲೇ. ತೆರಿಗೆಯ ಅಳತೆ ಗೋಡೆಯ ಹೊರಮೈಯಿಂದ ಹೊರಮೈಗೆ. ಒಳಗೆ 10 ಅಡಿ ಅಗಲ, 12 ಅಡಿ ಉದ್ದದ ಕೋಣೆ ನೋಡಿ. ಹಳೆಯ ಕಲ್ಲು ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪವಿದ್ದರೆ ಹೊರಗಿನ ಅಳತೆ 13 ಅಡಿಗೆ 15, ಅಂದರೆ 195 ಚದರ ಅಡಿ. ಅದೇ ಕೋಣೆಗೆ 9 ಇಂಚಿನ ಇಟ್ಟಿಗೆ ಗೋಡೆ ಕಟ್ಟಿದರೆ ಹನ್ನೊಂದೂವರೆಗೆ ಹದಿಮೂರೂವರೆ, ಸುಮಾರು 155 ಚದರ ಅಡಿ. ಒಳಗಿನ ಜಾಗ ಒಂದಿಂಚೂ ಕಡಿಮೆಯಾಗಿಲ್ಲ, ತೆರಿಗೆಯ ಅಳತೆ 40 ಚದರ ಅಡಿ ಇಳಿಯಿತು. ಗೋಡೆ ಇಳಿಸಿ ಹೊಸದಾಗಿ ಕಟ್ಟಿದವರು ಹಳೇ ಅಳತೆಯನ್ನೇ ಮುಂದುವರಿಸಬಾರದು. ಕೆಡವಿದ ಕೋಣೆಗೂ ಇದೇ ಮಾತು. ಅರ್ಜಿ ಕೊಟ್ಟು ತೆಗೆಸದಿದ್ದರೆ ಇಲ್ಲದ ಕೋಣೆಗೆ ವರ್ಷ ವರ್ಷ ಕಟ್ಟುತ್ತೀರಿ. ಲೆಕ್ಕ ನಡೆಯುವುದು ಚದರ ಮೀಟರಿನಲ್ಲಿ, ಚದರ ಅಡಿಯನ್ನು 10.76ರಿಂದ ಭಾಗಿಸಿ.

ಎಷ್ಟು ಹೆಚ್ಚಾದೀತು?

ನಗರಸಭೆಗಳಲ್ಲಿ ಮಾರ್ಗಸೂಚಿ ಬೆಲೆಯ ಶೇ 25ರ ಮೇಲೆ ತೆರಿಗೆ. ದರವನ್ನು ಆಯಾ ಸಂಸ್ಥೆಯೇ ನಿಗದಿ ಮಾಡುತ್ತದೆ. ಲೆಕ್ಕ ತಿಳಿಯಲು ಒಂದು ಉದಾಹರಣೆ ಇಟ್ಟುಕೊಳ್ಳೋಣ: ಮಾಳಿಗೆ ಮೇಲೆ ಏರಿಸಿದ ಹೊಸ ಕೋಣೆ ಹೊರ ಅಳತೆಯಲ್ಲಿ 12ಕ್ಕೆ 14 ಅಡಿ, ಅಂದರೆ 15.6 ಚದರ ಮೀಟರ್. ಕಟ್ಟಡದ ಬೆಲೆ ಚದರ ಮೀಟರಿಗೆ 12,000 ರೂಪಾಯಿ, ಮನೆಯ ದರ ಶೇ 0.5 ಎಂದು ಹಿಡಿಯಿರಿ. ಬೆಲೆ 1,87,200 ರೂಪಾಯಿ. ಅದರ ಕಾಲು ಭಾಗ 46,800. ತೆರಿಗೆ 234 ರೂಪಾಯಿ. ಆರೋಗ್ಯ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರ ಶೇ 3 ಉಪಕರ ಕೂಡಿಸಿದರೆ ವರ್ಷಕ್ಕೆ ಸುಮಾರು 290 ರೂಪಾಯಿ. ಅದೇ ಕೋಣೆ ಅಂಗಡಿಯಾಗಿ ಶೇ 1ರ ದರ ಬಿದ್ದರೆ 580. ಇಷ್ಟು ಹಣ ಉಳಿಸಲು ಕೋಣೆ ಮುಚ್ಚಿಟ್ಟು ಮುಂದೆ ಮಾರುವಾಗ, ಸಾಲ ತೆಗೆಯುವಾಗ ಉತಾರಕ್ಕೂ (ನಗರಸಭೆಯ ಆಸ್ತಿ ದಾಖಲೆ) ಕಟ್ಟಡಕ್ಕೂ ತಾಳೆಯಾಗದೆ ಅಲೆಯುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಕ್ರಮ

ಗಿಲಾವು, ಬಣ್ಣ, ನೆಲದ ಕೆಲಸಕ್ಕೆ ಪರವಾನಗಿ ಬೇಡ. ಕೋಣೆ ಅಥವಾ ಅಂತಸ್ತು ಏರಿಸುವುದಿದ್ದರೆ ಪಾಯ ತೋಡುವ ಮೊದಲೇ ಕಟ್ಟಡ ಪರವಾನಗಿ ಪಡೆಯಿರಿ. ಪರವಾನಗಿ ಇಲ್ಲದ ಕಟ್ಟಡಕ್ಕೆ ದುಪ್ಪಟ್ಟು ತೆರಿಗೆ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ, ಮತ್ತು ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ.

ಕೆಲಸ ಶುರುವಾಗುವ ಮುಂಚೆ ಹಳೆಯ ಗೋಡೆ, ಮಾಳಿಗೆಗಳ ಫೋಟೊ ತೆಗೆದಿಡಿ. ಮುಗಿದ ಮೇಲೆ ಹಿಂದಿನ ತೆರಿಗೆ ರಸೀದಿ, ಖಾತೆ ಉತಾರ, ಪರವಾನಗಿ ನಕ್ಷೆ, ಜೆಸ್ಕಾಂನ ಕರೆಂಟು ಬಿಲ್ಲು, ಹೊಸ ಫೋಟೊ ಹಿಡಿದು ಕಂದಾಯ ಶಾಖೆಗೆ ಹೋಗಿ ಅಳತೆ ತಿದ್ದುಪಡಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಮುಂದಿನ ಏಪ್ರಿಲ್‌ನಲ್ಲಿ ನೀವೇ ಅಳತೆ ಬರೆದು ಕೊಡುವ ಸ್ವಯಂ ಘೋಷಣೆಯಲ್ಲಿ ಹೊಸ ಅಳತೆಯೇ ಇರಬೇಕು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ದಂಡವಿಲ್ಲ, ಜುಲೈನಿಂದ ತಿಂಗಳಿಗೆ ಶೇ 2 ಬೀಳುತ್ತದೆ.

ಕಂಪ್ಯೂಟರಿಗೆ ಏರಿಸುವಾಗ ಎದುರಿಗೇ ಕುಳಿತು ಒಂದನ್ನು ತಪ್ಪದೆ ನೋಡಿ: ಕಟ್ಟಿದ ವರ್ಷ. 1995ರ ಕೆಳಮನೆಯ ಮೇಲೆ ಈ ವರ್ಷ ಕೋಣೆ ಕಟ್ಟಿದ್ದರೆ ಎರಡೂ ಬೇರೆ ಬೇರೆ ಸಾಲಿನಲ್ಲಿ, ಬೇರೆ ಬೇರೆ ವರ್ಷದೊಂದಿಗೆ ಬರಬೇಕು. ಹಳೆಯ ಕಟ್ಟಡಕ್ಕೆ ವಯಸ್ಸಿನ ಸವಕಳಿ ಕಳೆಯುತ್ತಾರೆ. ಎಲ್ಲವನ್ನೂ ಹೊಸ ವರ್ಷಕ್ಕೆ ಬರೆದುಬಿಟ್ಟರೆ ಆ ಕಡಿತ ಹೋಗುತ್ತದೆ, ಕೋಣೆಗಷ್ಟೇ ಏರಬೇಕಾದ ತೆರಿಗೆ ಇಡೀ ಮನೆಗೆ ಏರಿ ಕೂರುತ್ತದೆ. ಹಣ ಕಟ್ಟುವ ಮೊದಲೇ ಚಲನ್ ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ.