ಮ್ಯಾಮತ್ ಮುಂದೆ ನಿಂತಾಗ ಎಲ್ಲಿ ನೋಡಬೇಕು

ಸೇಂಟ್ ಪೀಟರ್ಸ್‌ಬರ್ಗಿನ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯಕ್ಕೆ ಹೋದವರು ಬೆರೆಜೋವ್ಕಾ ಮ್ಯಾಮತ್‌ನ (ಹಿಮಯುಗದಲ್ಲಿದ್ದು ಈಗ ಅಳಿದುಹೋದ, ಮೈತುಂಬ ರೋಮವಿದ್ದ ಆನೆಬಳಗದ ಪ್ರಾಣಿ) ಮುಖಕ್ಕೆ ಮೊಬೈಲ್ ಹಿಡಿಯುತ್ತಾರೆ. ಪಶುವೈದ್ಯ ಕಾಲೇಜಿನಲ್ಲಿ ಅಸ್ಥಿಪಂಜರ ಜೋಡಿಸುವುದೇ ನನ್ನ ಕಸುಬು; ನನ್ನನ್ನು ಕೇಳಿದರೆ ಆ ಮುಖವನ್ನು ಕೊನೆಗೆ ಇಟ್ಟುಕೊಳ್ಳಿ. ತಜ್ಞರು ತಲುಪುವ ಹೊತ್ತಿಗೆ ತಲೆಯ ಚರ್ಮ, ಸೊಂಡಿಲು ಹಾಳಾಗಿದ್ದವು. ಈಗ ಕಾಣುವ ತಲೆ ಮನುಷ್ಯರ ಕೈಯಲ್ಲಿ ಆದದ್ದು. ಕಾಲುಗಳಿಂದ ಆರಂಭಿಸಿ, ಅಲ್ಲಿರುವುದು ನಿಜವಾದ ತೊಗಲು.

ಬಳಿಕ ಎರಡು ಹೆಜ್ಜೆ ಹಿಂದೆ ಸರಿದು ಅದು ಕುಳಿತಿರುವ ಭಂಗಿಯನ್ನು ನೋಡಿ. ಇದು ಕಲಾವಿದನ ಕಲ್ಪನೆಯಲ್ಲ. 1901ರಲ್ಲಿ ಪ್ರಾಣಿಶಾಸ್ತ್ರಜ್ಞ ಒಟ್ಟೊ ಹೆರ್ಟ್ಸ್ ತಂಡ ಸೈಬೀರಿಯದಲ್ಲಿ ಅಗೆದಾಗ ದೇಹ ಹೆಚ್ಚುಕಡಿಮೆ ಹೀಗೆಯೇ ಇತ್ತು. ಹೆಪ್ಪುಗಟ್ಟಿದ ಮಾಂಸವನ್ನು ಕಡಿಯಲಾಗದೆ ಅದರ ಮೇಲೊಂದು ಗುಡಿಸಲು ಕಟ್ಟಿ, ಒಲೆ ಉರಿಸಿ ಕರಗಿಸಿದರು. ಸೊಂಟದ ಎಲುಬು ಮುರಿದಿತ್ತು, ಹಲ್ಲುಗಳ ನಡುವೆ ಇನ್ನೂ ಹುಲ್ಲು ಸಿಕ್ಕಿಕೊಂಡಿತ್ತು. ಮೇಯುತ್ತಿದ್ದಾಗಲೇ ಬಿದ್ದು ಸತ್ತಿರಬೇಕು ಎಂಬ ಊಹೆ ಹುಟ್ಟಿದ್ದು ಈ ಎರಡು ಸಾಕ್ಷ್ಯಗಳಿಂದ. ಇದನ್ನು ತಿಳಿದು ನೋಡಿದರೆ ಆ ಮುಂಗಾಲುಗಳು ಬೇರೆಯೇ ರೀತಿ ಕಾಣುತ್ತವೆ.

ರೋಮದ ಕೆಂಪನ್ನು ಮಾತ್ರ ಪೂರ್ತಿ ನಂಬಬೇಡಿ. ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಕೂದಲಿನ ಬಣ್ಣ ಬದಲಾಗುತ್ತದೆ.

ಅದೇ ಸಂಗ್ರಹಾಲಯದಲ್ಲಿ ಗಾಜಿನೊಳಗಿರುವ ಮ್ಯಾಮತ್ ಮರಿಯ ಹೆಸರು ದೀಮಾ. 1977ರಲ್ಲಿ ಮಗದಾನ್ ಪ್ರದೇಶದಲ್ಲಿ ಚಿನ್ನದ ಗಣಿಯವರಿಗೆ ಸಿಕ್ಕಿತು. ಇದರ ಮುಂದೆ ಜನ ‘ಅಯ್ಯೋ ಪಾಪ’ ಎಂದು ಮುಂದೆ ಹೋಗುತ್ತಾರೆ. ನೀವು ಕಿವಿಯನ್ನು ಹುಡುಕಿ. ಆನೆಯ ಮೊರದಗಲ ಕಿವಿ ಮೈಯ ಶಾಖವನ್ನು ಹೊರಗೆ ಬಿಡುತ್ತದೆ. ಮ್ಯಾಮತ್‌ಗೆ ಬೇಕಿದ್ದದ್ದು ಅದಕ್ಕೆ ತದ್ವಿರುದ್ಧ, ಆದ್ದರಿಂದ ಕಿವಿ ಪುಟ್ಟದು, ಬಾಲವೂ ಮೋಟು. ಬಾಲದ ಬುಡದಲ್ಲಿ ಗುದವನ್ನು ಚಳಿಯಿಂದ ಮುಚ್ಚುವ ಚರ್ಮದ ಮಡಿಕೆಯೂ ಈ ಪ್ರಾಣಿಗಳಿಗಿತ್ತು. ಜೊತೆಗೆ ಮಕ್ಕಳಿದ್ದರೆ ಇದೊಂದನ್ನು ಹೇಳಿದರೆ ಸಾಕು, ಉಳಿದ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ.

ಸಸ್ಯವಿಜ್ಞಾನಿ ಆಡಮ್ಸ್ ತಂದ, ಅವನ ಹೆಸರಿನಲ್ಲೇ ಇರುವ ಮ್ಯಾಮತ್ ಅಸ್ಥಿಪಂಜರಕ್ಕೆ ಹೆಚ್ಚು ಸಮಯ ಉಳಿಸಿಕೊಳ್ಳಿ. 1799ರಲ್ಲಿ ಸೈಬೀರಿಯದ ಲೆನಾ ನದಿಯ ಮುಖಜಭೂಮಿಯಲ್ಲಿ ಕಂಡ ಈ ದೇಹದ ಮಾಂಸವನ್ನು, 1806ರಲ್ಲಿ ಆಡಮ್ಸ್ ಅಲ್ಲಿಗೆ ಹೋಗುವಷ್ಟರಲ್ಲಿ, ಕಾಡುಪ್ರಾಣಿಗಳೂ ನಾಯಿಗಳೂ ಬಹುಮಟ್ಟಿಗೆ ಮುಗಿಸಿದ್ದವು. ತಲೆಬುರುಡೆಗೆ ಅಂಟಿಕೊಂಡಿರುವ ಒಣ ಚರ್ಮವನ್ನು ಪಕ್ಕದಿಂದ ನೋಡಿ. ದಂತಗಳನ್ನು ಮಾತ್ರ ಅನುಮಾನದಿಂದಲೇ ನೋಡಿ: ಕಂಡುಹಿಡಿದವನು ಅವನ್ನು ಮೊದಲೇ ಮಾರಿಬಿಟ್ಟಿದ್ದ. ಅವೇ ಇರಬೇಕೆಂದು ನಂಬಿ ಆಡಮ್ಸ್ ಯಾಕುಟ್ಸ್ಕ್‌ನಲ್ಲಿ ಒಂದು ಜೋಡಿಯನ್ನು ಕೊಂಡು ತಂದ.