ಜಿರೊಕಾಸ್ಟರ್: ಮನೆ ಮೊದಲು, ಕೋಟೆ ಆಮೇಲೆ

ಅಲ್ಬೇನಿಯಾದ ದಕ್ಷಿಣದಲ್ಲಿ, ದ್ರಿನೊ ಕಣಿವೆಯ ಮೇಲಿನ ಇಳಿಜಾರಿನಲ್ಲಿರುವ ಜಿರೊಕಾಸ್ಟರ್ ಪಟ್ಟಣಕ್ಕೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಬಂದೊಡನೆ ಕೋಟೆಗೆ ಹತ್ತಿ, ಪೇಟೆಯಲ್ಲಿ ಕಾಫಿ ಕುಡಿದು, ಮಧ್ಯಾಹ್ನದೊಳಗೆ ಸರಾಂದದ ಕಡಲತೀರಕ್ಕೆ ಮರಳುತ್ತಾರೆ. ನಾನು ಈ ಕ್ರಮವನ್ನು ತಿರುವುಮುರುವು ಮಾಡಿದೆ. ಮೊದಲು ಹಳೆಯ ಮನೆಗಳ ಒಳಗೆ ಹೋಗಿ, ಅವನ್ನು ಹೇಗೆ ಕಟ್ಟಿದ್ದಾರೆ ಎಂಬುದನ್ನು ತಿಳಿದುಕೊಂಡು, ಆಮೇಲೆ ಕೋಟೆಯ ಮೇಲಿಂದ ಅವುಗಳ ಛಾವಣಿಗಳನ್ನು ನೋಡಿದೆ. ಈ ಊರಿಗೆ 2005ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಮನ್ನಣೆ ದೊರೆತದ್ದಕ್ಕೂ ಈ ಮನೆಗಳೇ ಮುಖ್ಯ ಕಾರಣ. ರಾತ್ರಿ ಅಲ್ಲಿಯೇ ತಂಗಿದರೆ ಮಾತ್ರ ಹೀಗೆ ನಿಧಾನವಾಗಿ ನೋಡುವುದು ಸಾಧ್ಯ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಬೇನಿಯಾಕ್ಕೆ ವೀಸಾ ಬೇಕು. ಅದಕ್ಕೆ ಆನ್‌ಲೈನಿನಲ್ಲಿ ಅರ್ಜಿ ಸಲ್ಲಿಸಬಹುದು. ಹಲವು ಬಾರಿ ಪ್ರವೇಶಿಸಲು ಅವಕಾಶವಿರುವ, ಒಮ್ಮೆಯಾದರೂ ಬಳಸಿರುವ ಷೆಂಗೆನ್ ವೀಸಾ ಚಾಲ್ತಿಯಲ್ಲಿದ್ದರೆ ಅದರ ಮೇಲೆಯೇ ಒಳಗೆ ಬಿಡುತ್ತಾರೆ, ಮತ್ತು ನಾನು ಹೋದದ್ದು ಹಾಗೆಯೇ. ನಿಯಮಗಳು ಬದಲಾಗುವುದುಂಟು, ಹೊರಡುವ ಮೊದಲು ನೋಡಿಕೊಳ್ಳುವುದು ಒಳ್ಳೆಯದು. ರಾಜಧಾನಿ ತಿರಾನಾದ ದಕ್ಷಿಣ ಬಸ್ ನಿಲ್ದಾಣದಿಂದ ಹೊರಟರೆ ನಾಲ್ಕು ಗಂಟೆಯ ಆಸುಪಾಸಿನಲ್ಲಿ ತಲುಪಬಹುದು. ಟಿಕೆಟ್ಟನ್ನು ಬಸ್ಸಿನೊಳಗೇ ನಗದು ಕೊಟ್ಟು ಪಡೆಯಬೇಕು. ಬಸ್ಸು ಇಳಿಸುವುದು ಕಣಿವೆಯ ಹೆದ್ದಾರಿಯ ಬದಿಯಲ್ಲಿ, ಹೊಸ ಊರಿನಲ್ಲಿ. ಹಳೆಯ ಊರು ಅಲ್ಲಿಂದ ಕಡಿದಾದ ಏರಿನ ಮೇಲಿದೆ. ಸಾಮಾನು ಇದ್ದವರು ಟ್ಯಾಕ್ಸಿ ಹಿಡಿಯುವುದೇ ಲೇಸು, ಏಕೆಂದರೆ ಮೇಲಿನ ಬೀದಿಗಳಿಗೆ ಹಾಸಿರುವ ಕಲ್ಲುಗಳ ಮೇಲೆ ಚಕ್ರದ ಪೆಟ್ಟಿಗೆ ಉರುಳುವುದಿಲ್ಲ.

ಆ ಕಲ್ಲುಹಾಸಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಕಪ್ಪು, ಬಿಳಿ ಮತ್ತು ನಸುಗೆಂಪು ಕಲ್ಲುಗಳನ್ನು ಪಟ್ಟೆಪಟ್ಟೆಯಾಗಿ, ಕೆಲವೆಡೆ ಚಿತ್ತಾರವಾಗಿ ಜೋಡಿಸಿದ್ದಾರೆ. ಕಾಲ್ತುಳಿತಕ್ಕೆ ಸವೆದು ಅವು ನುಣ್ಣಗಾಗಿವೆ. ಈ ಪ್ರದೇಶದಲ್ಲಿ ಶರತ್ಕಾಲದಿಂದ ಚಳಿಗಾಲದ ಕೊನೆಯವರೆಗೆ ಜೋರು ಮಳೆ ಬೀಳುತ್ತದೆ, ಆಗ ಇಳಿಜಾರಿನಲ್ಲಿ ಒಂದೊಂದು ಹೆಜ್ಜೆಯನ್ನೂ ನೋಡಿ ಇಡಬೇಕು. ಒರಟು ಅಟ್ಟೆಯ ಬೂಟು ಇಲ್ಲಿ ಅಲಂಕಾರವಲ್ಲ, ಅಗತ್ಯ.

ನಾನು ಮೊದಲು ಹೋದದ್ದು ಪಲೋರ್ತೊ ಬಡಾವಣೆಯ ತುದಿಯಲ್ಲಿರುವ ಜೆಕಾತೆ ಮನೆಗೆ. ಆಟೊಮನ್ ತುರ್ಕರ ಪ್ರಾಂತ್ಯಾಧಿಪತಿಯಾಗಿದ್ದ ಅಲಿ ಪಾಷಾನ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬೆಕಿರ್ ಜೆಕೊ ಇದನ್ನು 1811–12ರ ಸುಮಾರಿಗೆ ಕಟ್ಟಿಸಿದ. ಮುಂಭಾಗದಲ್ಲಿ ಎರಡು ಗೋಪುರಗಳೂ ಅವುಗಳ ನಡುವೆ ಎತ್ತರದ ಕಮಾನುಗಳೂ ಇವೆ. ಕೆಳಗಿನ ಗೋಡೆಗಳಲ್ಲಿ ಕಿಟಕಿಗಳು ಇಲ್ಲವೆನ್ನುವಷ್ಟು ಕಡಿಮೆ. ಇರುವವು ಸಣ್ಣ ಕಿಂಡಿಗಳು. ಮೇಲಕ್ಕೆ ಹೋದಂತೆ ಕಿಟಕಿಗಳ ಸಂಖ್ಯೆಯೂ ಅಳತೆಯೂ ಹೆಚ್ಚುತ್ತಾ ಹೋಗುತ್ತವೆ. ಮನೆತನಗಳ ನಡುವಿನ ಹಗೆ ತಲೆಮಾರುಗಳವರೆಗೆ ನಡೆಯುತ್ತಿದ್ದ ಕಾಲದಲ್ಲಿ ಮನೆಯ ಬುಡ ಕೋಟೆಯಾಗಿಯೂ ಮೇಲ್ಭಾಗ ವಾಸಸ್ಥಾನವಾಗಿಯೂ ಇರಬೇಕಾಗಿತ್ತು ಎಂಬುದನ್ನು ಈ ಗೋಡೆಯೊಂದರಿಂದಲೇ ತಿಳಿಯಬಹುದು. ನಡುವಿನ ಅಂತಸ್ತಿನ ಕೋಣೆಗಳು ಚಳಿಗಾಲಕ್ಕೆ, ಮೇಲಿನವು ಬೇಸಿಗೆಗೆ. ಎಲ್ಲಕ್ಕಿಂತ ಮೇಲಿರುವ ಅತಿಥಿಗಳ ಕೋಣೆಯ ಮರದ ಚಾವಣಿಗೆ ಕೆತ್ತನೆ ಇದೆ, ಅಗ್ಗಿಷ್ಟಿಕೆಯ ಸುತ್ತ ಗೋಡೆಯ ಮೇಲೆ ಹೂವು ಹಣ್ಣುಗಳ ಚಿತ್ರಗಳಿವೆ. ಅಲ್ಲಿಯ ತೆರೆದ ಮೊಗಸಾಲೆಯಲ್ಲಿ ನಿಂತರೆ ಇಡೀ ಕಣಿವೆ ಕಾಣುತ್ತದೆ. ಮನೆ ಇಂದಿಗೂ ಕುಟುಂಬದ ಸ್ವತ್ತು, ಪ್ರವೇಶ ಶುಲ್ಕವನ್ನು ಮನೆಯವರ ಕೈಗೇ ಕೊಡಬೇಕು.

ಸ್ಕೆಂದುಲಿ ಮನೆಯಲ್ಲಿ ಕಲಿಯುವುದು ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಆ ಕುಟುಂಬದವರೇ ಜೊತೆಗಿದ್ದು ವಿವರಿಸುತ್ತಾರೆ. ಕಮ್ಯುನಿಸ್ಟ್ ಆಡಳಿತವು ಈ ಮನೆಯನ್ನು ವಶಪಡಿಸಿಕೊಂಡು ವಸ್ತುಸಂಗ್ರಹಾಲಯವಾಗಿ ಬಳಸಿತ್ತು. 1990ರ ದಶಕದಲ್ಲಿ ಅದು ಮತ್ತೆ ಅವರ ಕೈಸೇರಿತು. ಇಲ್ಲಿ ನಾನು ಬಹಳ ಹೊತ್ತು ನಿಂತದ್ದು ನೆಲ ಅಂತಸ್ತಿನಲ್ಲಿರುವ ನೀರಿನ ತೊಟ್ಟಿಯ ಬಳಿ. ಛಾವಣಿಯ ಮೇಲೆ ಬಿದ್ದ ಮಳೆನೀರು ಗೋಡೆಯ ಮೂಲಕ ಇಳಿದು ಇಲ್ಲಿ ಸಂಗ್ರಹವಾಗುತ್ತಿತ್ತು. ಬೇಸಿಗೆಯಲ್ಲಿ ಕುಟುಂಬಕ್ಕೆ ಅದೇ ಆಧಾರ, ಅದರ ತಂಪಿನಿಂದ ಪಕ್ಕದ ಕೋಣೆಯಲ್ಲಿ ಆಹಾರವೂ ಕೆಡದೆ ಉಳಿಯುತ್ತಿತ್ತು. ಊರಿನ ಕಲ್ಲಿನ ಛಾವಣಿಗಳನ್ನು ಚಂದಕ್ಕಾಗಿ ಎಲ್ಲರೂ ಹೊಗಳುತ್ತಾರೆ, ಆದರೆ ಅವು ನೀರು ಹಿಡಿಯುವ ಏರ್ಪಾಡಿನ ಮೇಲಿನ ತುದಿಯೂ ಹೌದು ಎಂಬುದು ಈ ತೊಟ್ಟಿಯನ್ನು ಕಂಡ ಮೇಲೆಯೇ ನನಗೆ ಮನದಟ್ಟಾಯಿತು. ಇದೇ ಮನೆಯ ಅತಿಥಿಗಳ ಕೋಣೆಯಲ್ಲಿ ಅಟ್ಟದಂಥ ಮರದ ಕಟ್ಟೆಯೊಂದಿದೆ. ಗಂಡಸರ ಬೈಠಕ್ಕಿಗೆ ಕಾಣಿಸಿಕೊಳ್ಳದೆ ಹೆಂಗಸರು ಅಲ್ಲಿಂದ ಕೆಳಗೆ ನೋಡಿ, ಕಾಫಿ ಯಾವಾಗ ಬೇಕೆಂದು ತಿಳಿಯುತ್ತಿದ್ದರಂತೆ. ಸಂಭಾಷಣೆಯಲ್ಲಿ ಯಾವುದೂ ಅವರ ಕಿವಿ ತಪ್ಪುತ್ತಿರಲಿಲ್ಲ ಎಂಬುದು ನನ್ನ ಊಹೆ.

ಹತ್ತಿರದ ಜನಾಂಗಶಾಸ್ತ್ರ ವಸ್ತುಸಂಗ್ರಹಾಲಯವು ಅಲ್ಬೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೊಜಾ 1908ರಲ್ಲಿ ಹುಟ್ಟಿದ ಮನೆಯ ಜಾಗದಲ್ಲಿದೆ. ಮೂಲ ಮನೆ ಸುಟ್ಟುಹೋದ ಮೇಲೆ 1960ರ ದಶಕದಲ್ಲಿ ಮಾದರಿ ಮನೆಯಾಗಿ ಇದನ್ನು ಕಟ್ಟಿದ್ದರಿಂದ, ಇಲ್ಲಿ ಎಲ್ಲವೂ ತುಸು ಹೆಚ್ಚೇ ಅಚ್ಚುಕಟ್ಟಾಗಿದೆ. ಕಾದಂಬರಿಕಾರ ಇಸ್ಮಾಯಿಲ್ ಕಾದರೆ (1936–2024) ಹುಟ್ಟಿದ್ದೂ ಇದೇ ಊರಿನಲ್ಲಿ, ಅವರ ಮನೆಯೂ ಈಗ ವಸ್ತುಸಂಗ್ರಹಾಲಯ. ಸಮಯ ಕಡಿಮೆ ಇದ್ದವರು ಈ ಎರಡನ್ನೂ ಬಿಟ್ಟು, ಜೆಕಾತೆ ಮತ್ತು ಸ್ಕೆಂದುಲಿ ಮನೆಗಳಿಗೆ ಆ ಸಮಯವನ್ನು ಕೊಡಲಿ.

ಕೋಟೆಗೆ ಹತ್ತಿದ್ದು ಇದೆಲ್ಲ ಆದ ಮೇಲೆ, ದಿನದ ಬಸ್ಸುಗಳು ಮರಳಿದ ಹೊತ್ತಿಗೆ. ಪಟ್ಟಣದ ಹೆಸರು ದಾಖಲೆಗಳಲ್ಲಿ ಮೊದಲು ಕಾಣುವುದು 1336ರಲ್ಲಿ. ಆಟೊಮನ್ನರು 1417ರಲ್ಲಿ ಬಂದರು. ಇಂದು ಕಾಣುವ ಕೋಟೆಯ ಬಹುಭಾಗ, ಗಡಿಯಾರ ಗೋಪುರವೂ ಸೇರಿ, 1812ರ ನಂತರ ಅಲಿ ಪಾಷಾ ಸೇರಿಸಿದ್ದು. ಕೋಟೆಯ ನೀರಿಗಾಗಿ ಅವನು ದೂರದ ಬೆಟ್ಟದಿಂದ ಕಲ್ಲಿನ ಮೇಲ್ಗಾಲುವೆಯನ್ನು ಕಟ್ಟಿಸಿದ್ದ. 1930ರ ದಶಕದಲ್ಲಿ ದೊರೆ ಜೋಗನ ಸರ್ಕಾರ ಅದನ್ನು ಕೆಡವಿ, ಆ ಕಲ್ಲನ್ನು ಕೋಟೆಯೊಳಗಿನ ಸೆರೆಮನೆಗೆ ಬಳಸಿತು. ಆ ಕಾಲುವೆಯ ಉಳಿದ ತುಂಡೊಂದು ದುನಾವತ್ ಬಡಾವಣೆಯ ಮೇಲಿನ ಕಂದರದಲ್ಲಿ ಅಲಿ ಪಾಷಾ ಸೇತುವೆಯೆಂಬ ಹೆಸರಿನಿಂದ ನಿಂತಿದೆ. ಮನೆಗಳ ನಡುವಿನ ಏರುದಾರಿಯಲ್ಲಿ ಅಲ್ಲಿಗೆ ನಡೆದೇ ಹೋಗಬಹುದು. ಅಲ್ಲಿ ಗುಂಪುಗಳ ಗದ್ದಲವಿಲ್ಲ.

ಕೋಟೆಯ ಕಮಾನು ಮೊಗಸಾಲೆಯಲ್ಲಿ ಎರಡನೆಯ ಮಹಾಯುದ್ಧದಲ್ಲಿ ವಶಪಡಿಸಿಕೊಂಡ ಫಿರಂಗಿಗಳ ಸಾಲಿದೆ. ಹೊರಗೆ ಅಮೆರಿಕದ ವಾಯುಪಡೆಯ ತರಬೇತಿ ವಿಮಾನವೊಂದು ತುಕ್ಕು ಹಿಡಿದು ನಿಂತಿದೆ. 1957ರಲ್ಲಿ ಅಲ್ಬೇನಿಯಾದಲ್ಲಿ ಇಳಿದ ಈ ವಿಮಾನವನ್ನು ಹೊಜಾನ ಸರ್ಕಾರ ಬೇಹುಗಾರಿಕೆಯ ಪುರಾವೆಯೆಂದು ಇಲ್ಲಿ ಪ್ರದರ್ಶನಕ್ಕಿಟ್ಟಿತು. ಮುಂದಿನ ಬಯಲಿನಲ್ಲಿ 1968ರಿಂದ ನಡೆದುಬಂದ ರಾಷ್ಟ್ರೀಯ ಜಾನಪದ ಉತ್ಸವದ ವೇದಿಕೆಯಿದೆ. ನಾನು ಹೆಚ್ಚು ಹೊತ್ತು ಕಳೆದದ್ದು ಗೋಡೆಯಂಚಿನಲ್ಲಿ. ಕೆಳಗಿನ ಛಾವಣಿಗಳಿಗೆ ಹೊದಿಸಿರುವ ಬೂದುಬಣ್ಣದ ಸುಣ್ಣಕಲ್ಲಿನ ಚಪ್ಪಡಿಗಳು ಮಲೆನಾಡಿನ ಮನೆಯ ಹೆಂಚುಗಳಂತೆ ಒಂದರ ಅಂಚಿನ ಮೇಲೊಂದು ಕೂತಿವೆ, ಆದರೆ ಅವುಗಳ ಭಾರ ವಿಪರೀತ. ಒಂದು ಚಪ್ಪಡಿ ಸರಿದು ನೀರು ಇಳಿಯಿತೆಂದರೆ ಕೆಳಗಿನ ಮರ ಕೊಳೆಯುತ್ತದೆ, ಮರ ಸೋತರೆ ಛಾವಣಿಯೇ ಒಳಕ್ಕೆ ಕುಸಿಯುತ್ತದೆ. ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ಮೇಲೆ ಅನೇಕ ಕುಟುಂಬಗಳು ಗ್ರೀಸಿಗೂ ಬೇರೆಡೆಗೂ ವಲಸೆ ಹೋದವು. ಹಾಗೆ ಬೀಗ ಬಿದ್ದು ಕುಸಿದ ಮನೆಗಳು ಮೇಲಿನಿಂದ ಎದ್ದು ಕಾಣುತ್ತವೆ. ಒಳಗಿನ ತೊಟ್ಟಿ, ಚಿತ್ರ, ಕೆತ್ತನೆಗಳನ್ನು ಮೊದಲೇ ನೋಡಿರದಿದ್ದರೆ ಅಲ್ಲಿ ಕಳೆದುಹೋದದ್ದೇನು ಎಂಬುದು ನನಗೆ ಹೊಳೆಯುತ್ತಿರಲಿಲ್ಲ.

ಪೇಟೆಯ ಮೇಲ್ತುದಿಯ ಮಸೀದಿ 1757ರದು. 1967ರಲ್ಲಿ ಹೊಜಾನ ಸರ್ಕಾರ ಧರ್ಮಾಚರಣೆಯನ್ನೇ ನಿಷೇಧಿಸಿದಾಗ ಊರಿನ ಬಹುತೇಕ ಮಸೀದಿಗಳು ನೆಲಸಮವಾದವು. ಸಾಂಸ್ಕೃತಿಕ ಸ್ಮಾರಕವೆಂದು ಗುರುತಾಗಿದ್ದ ಇದು ಉಳಿಯಿತು, ಎತ್ತರದ ಗುಮ್ಮಟವಿದೆಯೆಂದು ಸರ್ಕಸ್ಸಿನ ಕಲಾವಿದರ ಅಭ್ಯಾಸಕ್ಕೂ ಬಳಕೆಯಾಯಿತು.

ಸಸ್ಯಾಹಾರಿಗಳಿಗೆ ಇಲ್ಲಿ ಅಷ್ಟೇನೂ ಕಷ್ಟವಿಲ್ಲ. ಪಾಲಕ್ ಅಥವಾ ಚೀಸ್ ತುಂಬಿದ ಬ್ಯೂರೆಕ್, ಹುರುಳಿಕಾಯಿ ಬೀಜದ ಸಾರಿನಂಥ ಫಸುಲೆ, ಅನ್ನ ತುಂಬಿದ ದೊಣ್ಣೆಮೆಣಸಿನಕಾಯಿ ಸುಲಭವಾಗಿ ಸಿಗುತ್ತವೆ. ಆದರೂ ಮಾಂಸ ಬೇಡವೆಂದು, ‘ಪಾ ಮಿಶ್’ ಎಂದು, ಬಾಯಿಬಿಟ್ಟು ಹೇಳಬೇಕು. ತಲೆಯಾಡಿಸಿ ತಿಳಿಸುವುದು ಬೇಡ: ಅಲ್ಲಿ ಹೌದು ಎನ್ನಲು ಅಡ್ಡಕ್ಕೆ ತಲೆಯಾಡಿಸುವವರು ಇನ್ನೂ ಇದ್ದಾರೆ. ಈ ಊರಿನದೇ ವಿಶೇಷವಾದ ಚಿಫ್ಚಿ ಎಂಬ ಅನ್ನದ ಉಂಡೆಗೆ ಪುದೀನದ ಜೊತೆ ಮೊಟ್ಟೆಯೂ ಬೀಳುತ್ತದೆ. ಒಣ ಅಂಜೂರವನ್ನು ಕುರಿಯ ಹಾಲಿನಲ್ಲಿ ಬೇಯಿಸಿದ ಒಶಾಫ್ ಸಿಕ್ಕರೆ ಬಿಡಬಾರದು.

ದುಡ್ಡಿನ ಲೆಕ್ಕದಲ್ಲಿ ಒಂದು ವಿಚಿತ್ರವಿದೆ. 1965ರಲ್ಲಿ ಅಲ್ಬೇನಿಯಾ ತನ್ನ ಲೆಕ್ ನಾಣ್ಯದಿಂದ ಒಂದು ಸೊನ್ನೆ ತೆಗೆಯಿತು, ಆದರೆ ಜನರ ಬಾಯಲ್ಲಿ ಹಳೆಯ ಲೆಕ್ಕವೇ ಉಳಿದಿದೆ. ಬೆಟ್ಟದ ಚಹಾ ಸೊಪ್ಪಿನ ಕಟ್ಟನ್ನು ಮಾರುತ್ತಿದ್ದ ಅಜ್ಜಿ ಎರಡು ಸಾವಿರವೆಂದು ಹೇಳಿ, ನನ್ನ ಮುಖ ನೋಡಿ ನಕ್ಕು, ನನ್ನ ಕೈಯಲ್ಲಿದ್ದ ನೋಟುಗಳ ನಡುವಿನಿಂದ ಇನ್ನೂರರ ಒಂದನ್ನು ಮಾತ್ರ ಎಳೆದುಕೊಂಡಳು. ಬೆಲೆ ಮಿತಿಮೀರಿದೆ ಎನ್ನಿಸಿದಾಗ ಚೌಕಾಸಿಗಿಂತ ಮೊದಲು ಅಂಕಿಯನ್ನು ಕಾಗದದ ಮೇಲೆ ಬರೆಸಿಕೊಳ್ಳುವುದು ಜಾಣತನ. ಹಳೆಯ ಮನೆಗಳಲ್ಲೂ ಸಣ್ಣ ಅಂಗಡಿಗಳಲ್ಲೂ ಕಾರ್ಡ್ ನಡೆಯುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ, ಹೀಗಾಗಿ ಚಿಲ್ಲರೆ ನೋಟುಗಳನ್ನು ಜೊತೆಗಿಟ್ಟುಕೊಂಡೇ ಹೊರಡಬೇಕು.

ಮುಂದೆ ಸರಾಂದಕ್ಕೆ ಹೋಗುವವರು ಬೆಳಗಿನ ಮಿನಿಬಸ್ಸನ್ನೇ ಹಿಡಿಯಲಿ. ಮಧ್ಯಾಹ್ನದ ನಂತರ ಅವು ವಿರಳ, ಕೆಲವು ಆಸನ ತುಂಬುವವರೆಗೆ ಕದಲುವುದಿಲ್ಲ. ನಾನು ಏಪ್ರಿಲ್ ಕೊನೆಯಲ್ಲಿ ಹೋಗಿದ್ದೆ. ಬಿಸಿಲು ಹದವಾಗಿತ್ತು, ಎದುರಿನ ಬೆಟ್ಟಗಳ ತುದಿಯಲ್ಲಿ ಇನ್ನೂ ಹಿಮವಿತ್ತು, ಕೋಣೆಯನ್ನು ಮೊದಲೇ ಕಾದಿರಿಸುವ ಅಗತ್ಯವೂ ಬೀಳಲಿಲ್ಲ. ಜುಲೈ, ಆಗಸ್ಟ್ ತಿಂಗಳಲ್ಲಿ ಕಲ್ಲಿನ ಬೀದಿಗಳು ಕಾದ ಕಾವಲಿಯಾಗುವುದರಿಂದ, ಆಗ ಹೋಗುವವರು ಮನೆಗಳನ್ನು ನಡುಹಗಲಿಗೂ ಕೋಟೆಯನ್ನು ಸಂಜೆಗೂ ಇಟ್ಟುಕೊಳ್ಳಬಹುದು.